ಮಧ್ಯಾಹ್ನದ ಎಲ್ಕ್ ಬೇಟೆ: ನನ್ನ ಅನುಭವ

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರು. ಕ್ಯಾಂಪಿನಲ್ಲಿ ಎಲ್ಲರೂ ಗೊರಕೆ ಹೊಡೆಯುವ ಹೊತ್ತು. ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ನಾನು ಕಾಡಿಗೆ ಇಳಿಯುವುದು ಆಗ. "ಮಲಗಿರೋ ಎಲ್ಕ್ ಎಬ್ಬಿಸಿ ಪಕ್ಕದ ಕಣಿವೆಗೆ ಓಡಿಸ್ತೀಯ, ನಮ್ಮ ಸೀಸನ್ನೂ ಹಾಳು" ಅಂತ ಡೆನ್ವರಿನ ಗೆಳೆಯರು ಬೈದಿದ್ದೇ ಬೈದಿದ್ದು. ಈಗ ಅವರ ಫ್ರೀಜರಿನಲ್ಲಿ ಇರುವುದು ನಾನು ಹೊತ್ತು ತಂದ ಮಾಂಸ.

ಜಾಗ ಕೊಲೊರಾಡೊದ ಫ್ಲಾಟ್ ಟಾಪ್ಸ್, ಮೀಕರ್ ಊರಿಗೆ ಪೂರ್ವಕ್ಕೆ, ಸುಮಾರು 10,000 ಅಡಿ ಎತ್ತರ. ಇದಕ್ಕಿಂತ ಜಾಸ್ತಿ ಕೇಳಬೇಡಿ. ಎರಡನೇ ರೈಫಲ್ ಸೀಸನ್, ಅಂದರೆ ಬಂದೂಕು ಬೇಟೆಯ ಎರಡನೇ ಅವಧಿ, ಅಕ್ಟೋಬರ್ ಕೊನೆ. ಲಾಟರಿ ಇಲ್ಲದೆ ಟ್ಯಾಗ್ (ಒಂದು ಎಲ್ಕ್ ಹೊಡೆಯುವ ಪರವಾನಗಿ) ಸಿಗುತ್ತದೆ, ಹಾಗಾಗಿ ಜನವೋ ಜನ. ಎತ್ತ ನೋಡಿದರೂ ಕಿತ್ತಳೆ ಬಣ್ಣದ ಟೋಪಿ. ಮೊದಲ ದಿನದ ಗುಂಡಿನ ಸದ್ದಿಗೇ ಗಂಡು ಎಲ್ಕುಗಳು ಹುಲ್ಲುಗಾವಲು ಬಿಟ್ಟು ಉತ್ತರ ಮಗ್ಗುಲಿನ ದಟ್ಟ ಕಾಡು ಸೇರುತ್ತವೆ. ಮತ್ತೆ ಹೊರಬರುವುದು ಕತ್ತಲಾದ ಮೇಲೆ.

ಶುರುವಿನ ವರ್ಷಗಳಲ್ಲಿ ನಾನೂ ಎಲ್ಲರಂತೆ ಬೆಳಗಿನ ನಾಲ್ಕಕ್ಕೆ ಎದ್ದು ಹುಲ್ಲುಗಾವಲಿನ ಅಂಚಿನಲ್ಲಿ ನಡುಗುತ್ತಾ ಕೂತೆ. ದೂರದಲ್ಲಿ ಹೆಣ್ಣು ಹಿಂಡು ಕಂಡಿತು, ಅಷ್ಟೇ. ಸ್ಪಾಟಿಂಗ್ ಸ್ಕೋಪ್ (ದೂರದ ಪ್ರಾಣಿ ನೋಡುವ ದುರ್ಬೀನು), ಬೂಟು, ಬಟ್ಟೆ ಅಂತ ಮೂರು ಸಾವಿರ ಡಾಲರ್ ಹತ್ತಿರ ಹೋಯಿತು. ವಾಸನೆ ಮುಚ್ಚುವ ಸ್ಪ್ರೇಗೆ ಕೊಟ್ಟದ್ದು ಶುದ್ಧ ದಂಡ. ಒಬ್ಬ ಗೈಡ್ ಏಳು ಸಾವಿರ ಕೇಳಿದ. ಸ್ಥಳೀಯ ನಿವಾಸಿಗೆ ಟ್ಯಾಗ್ ಬರೀ ಅರವತ್ತು ಎಪ್ಪತ್ತು ಡಾಲರ್, ಅದಕ್ಕೆ ಏಳು ಸಾವಿರದ ಗೈಡಾ? ಹೆಣ್ಣು ಎಲ್ಕಿನಂತೆ ಕೂಗುವ ಪೀಪಿ ಊದಿ ನೋಡಿದೆ. ಬೆದೆ ಮುಗಿದ ಅಕ್ಟೋಬರ್ ಕೊನೆಯಲ್ಲಿ ಅದಕ್ಕೆ ಬಂದವರು ಬೇರೆ ಬೇಟೆಗಾರರು.

ಕೊನೆಗೆ ಕೈಹಿಡಿದದ್ದು ಗಾಳಿ. ನಮ್ಮ ವಾಸನೆ ಅದರಲ್ಲಿ ತೇಲಿ ಎಲ್ಕಿನ ಮೂಗಿಗೆ ಹೋದರೆ ಬೇಟೆ ಮುಗಿದ ಹಾಗೆ. ತಣ್ಣಗಿನ ಗಾಳಿ ಬೆಳಗಿನ ತನಕ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ, ಬಿಸಿಲು ಏರಿದರೆ ಮೇಲಕ್ಕೆ. ಇದು ನಿಮಗೆಲ್ಲ ಗೊತ್ತೇ ಇದೆ. ಆದರೆ ಯಾವ ಕ್ಷಣದಲ್ಲಿ ತಿರುಗಿತು ಅಂತ ಹೇಳುವುದು ಹೇಗೆ? ಗಾಳಿ ನೋಡಲು ಊದುವ ಪುಡಿ ಡಬ್ಬಿ ಎರಡು ಗಜದ ಆಚೆ ಏನೂ ತೋರಿಸಲ್ಲ. ನಾನು ಮಿಲ್ಕ್‌ವೀಡ್ ಬೀಜದ ಎಳೆ ಒಯ್ಯುತ್ತೇನೆ. ನಮ್ಮ ಎಕ್ಕದ ಕುಟುಂಬದ್ದೇ ಗಿಡ, ಹತ್ತಿಯೂ ಹಾಗೇ ತೇಲುತ್ತದೆ. ಬಿಟ್ಟರೆ ಐವತ್ತು ಗಜ ಆಚೆ ಗಾಳಿ ಎಲ್ಲಿ ಸುಳಿಯಿತು ಅನ್ನುವುದೂ ಕಾಣುತ್ತದೆ. ಕಾಸೂ ಖರ್ಚಿಲ್ಲ.

ಒಂಬತ್ತರೊಳಗೆ ಬಳಸು ದಾರಿಯಲ್ಲಿ ಗುಡ್ಡದ ನೆತ್ತಿ ಸೇರುತ್ತೇನೆ. ಎಳೆಗಳು ಒಂದೇ ಸಮನೆ ಮೇಲೆ ಹೋಗುವ ತನಕ ಕೂರುತ್ತೇನೆ. ನೆರಳಿನ ಮಗ್ಗುಲಲ್ಲಿ ಕೆಲವೊಮ್ಮೆ ಹನ್ನೆರಡೂ ಆಗುತ್ತದೆ. ಆಮೇಲೆ ಓರೆಯಾಗಿ ಕೆಳಕ್ಕೆ. ಹತ್ತು ಹೆಜ್ಜೆ, ನಾಲ್ಕೈದು ನಿಮಿಷ ನಿಲ್ಲು. ಗಂಟೆಗೆ ಇನ್ನೂರು ಗಜ ದಾಟಿದರೆ ಅವಸರ ಮಾಡಿದ ಹಾಗೆ. ಬೈನಾಕ್ಯುಲರ್ ಕಾಡಿನೊಳಗೇ ಬೇಕು: ಇಡೀ ಪ್ರಾಣಿ ಕಾಣಲ್ಲ, ಒಂದು ಕಿವಿ, ಹಳದಿ ಪೃಷ್ಠದ ಚೂರು ಕಾಣುತ್ತದೆ. ಮೋಡ ಕವಿದ ದಿನ ಗಾಳಿಗೆ ತಲೆಬುಡ ಇರಲ್ಲ. ಅವತ್ತು ನಾನೂ ಗೊರಕೆ ಪಾರ್ಟಿ.

1940ರ ದಶಕದಲ್ಲಿ ದುಂಬಿ ಹೊಡೆದು ಇಲ್ಲಿ ಸ್ಪ್ರೂಸ್ ಮರಗಳು ರಾಶಿ ರಾಶಿ ಸತ್ತವು. ಇವತ್ತಿಗೂ ಒಣ ದಿಮ್ಮಿಗಳ ಕಾಟ ತಪ್ಪಿದ್ದಲ್ಲ. ಅವನ್ನು ಸದ್ದಿಲ್ಲದೆ ದಾಟಲು ಕಾಲಿಗೆ ಏನು ಹಾಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಈ ಕಾಡಿನಲ್ಲಿ ನಿಜವಾದ ತೊಂದರೆ ಕೊಂಬಿನ ಲೆಕ್ಕ. ಗಂಡು ಹೊಡೆಯಬೇಕಾದರೆ ನಿಯಮದಂತೆ ಒಂದು ಬದಿಗೆ ನಾಲ್ಕು ಕವಲು, ಇಲ್ಲವೇ ಹುಬ್ಬಿನ ಮೇಲಿನ ಮೊದಲ ಕವಲು ಐದು ಇಂಚು ಇರಲೇಬೇಕು. ಕೊಂಬೆಗಳ ನಡುವೆ ಕೊಂಬು ಎಣಿಸುವುದು ಸುಮ್ನೆ ಮಾತಲ್ಲ. ನನ್ನ ಗಂಡು ಮಲಗಿತ್ತು, ನಲವತ್ತು ಗಜ ಇರಬಹುದು. ಎದ್ದು ತಲೆ ತಿರುಗಿಸುವ ತನಕ ಕಾದೆ. ಐದು ಕವಲು. ಹಳೇ .308 ರೈಫಲ್, ಕಡಿಮೆ ಪವರಿನ ಅಗ್ಗದ ಸ್ಕೋಪ್, ಒಂದೇ ಗುಂಡು. ಎರಡು ಸಾವಿರ ಡಾಲರಿನ ಸ್ಕೋಪ್ ಇಟ್ಟವರು ಕ್ಯಾಂಪಿನಲ್ಲಿದ್ದರು!

ಮೂಳೆ ಬಿಡಿಸಿದರೂ ನೂರು ಕಿಲೋ ಹತ್ತಿರ ಬಂತು. ಗಂಡು ಅನ್ನುವ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು, ಮರೆತರೆ ದಂಡ. ಕತ್ತರಿಸಿ ಪ್ಯಾಕ್ ಮಾಡಲು ನಾನೂರರ ಮೇಲೆ ಕೇಳಿದರು. ನೂರೈವತ್ತಕ್ಕೆ ಗ್ರೈಂಡರ್ ತಂದು ಗ್ಯಾರೇಜಿನಲ್ಲಿ ನಾನೇ ಮುಗಿಸಿದೆ.

ನಾನು ಕೊಡಗಿನವನು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮ ಮನೆಯ ಕೋವಿಗೆ ಕೈಲ್‌ಪೊಳ್ದ್ ಹಬ್ಬದ ಆಯುಧ ಪೂಜೆಯಷ್ಟೇ ಕೆಲಸ. ಹಾಗಾಗಿ ಎಲ್ಕಿಗೆ ಪಂದಿ ಕರಿ (ನಮ್ಮ ಹಂದಿ ಸಾರು) ಮಸಾಲೆ ಹಾಕದೆ ಇರಲು ಆಗುತ್ತಾ? ಮೊದಲ ಸಲ ಒಣಗಿ ನಾರಾಯಿತು, ಎಲ್ಕಿನಲ್ಲಿ ಕೊಬ್ಬೇ ಇಲ್ಲ. ಹಂದಿ ಕೊಬ್ಬು ಕಾಲು ಪಾಲು ಸೇರಿಸಿ, ಮೊಣಕಾಲಿನ ಕೆಳಗಿನ ಮಾಂಸವನ್ನು ಮೂರು ಗಂಟೆ ಬೇಯಿಸಿ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಕೊನೆಗೆ ಹಾಕಿದೆ. ಹೆಂಡತಿ ಎರಡನೇ ಸಲ ಬಡಿಸಿಕೊಂಡಳು.

ಎಚ್‌-1ಬಿ ಗೆಳೆಯರಿಗೆ ಒಂದು ಮಾತು: ನಿಮ್ಮ ವೀಸಾದಲ್ಲಿ ಬಂದೂಕು ಇಟ್ಟುಕೊಳ್ಳಲು ಫೆಡರಲ್ ಕಾನೂನು ಬಿಡಲ್ಲ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಮೊದಲು ಲೈಸೆನ್ಸ್, ಆಮೇಲೆ ಅಂಗಡಿ.

ಹಿಮ ದಪ್ಪಗೆ ಬಿದ್ದರೆ ಮಾತ್ರ ಈ ಉಪಾಯ ನಂಬಬೇಡಿ. ಹಿಂಡು ಕೆಳಗಿನ ಖಾಸಗಿ ರಾಂಚುಗಳಿಗೆ ಇಳಿದುಬಿಡುತ್ತದೆ, ಮೇಲೆ ನೀವೂ ಅಳಿಲೂ ಇಬ್ಬರೇ.