ಎಣ್ಣೆಗಿಂತ ಮೊದಲು ಕಾಯಿಯ ಲೆಕ್ಕ

ದಿನಬಳಕೆಗೆ ಯಾವ ಎಣ್ಣೆ ಒಳ್ಳೆಯದು ಎಂಬ ಪ್ರಶ್ನೆಗೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ತೆಂಗಿನಕಾಯಿ ಅರೆಯದ ಅಡುಗೆಮನೆಗೆ ಹೊಂದುವಂಥವು. ಕಾರವಾರದ ಬಂಗಡೆ ಸಾರಾಗಲಿ, ಶಿರಸಿಯ ತಂಬುಳಿಯಾಗಲಿ, ಕಾಯಿ ಇಲ್ಲದೆ ನಡೆಯುವುದಿಲ್ಲ. ಆದ್ದರಿಂದ ಉತ್ತರ ಕನ್ನಡದಲ್ಲಿ ಎಣ್ಣೆಯ ಲೆಕ್ಕ ತುರಿಮಣೆಯಿಂದಲೇ ಶುರುವಾಗಬೇಕು.

100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 33 ಗ್ರಾಂ ಕೊಬ್ಬಿದೆ. ಅಂದರೆ ಏಳು ಟೀ ಚಮಚ ಎಣ್ಣೆಗೆ ಸಮ, ಅದೂ ಬಹುಪಾಲು ಸ್ಯಾಚುರೇಟೆಡ್, ಅಂದರೆ ತಣ್ಣಗಾದರೆ ಗಟ್ಟಿಯಾಗುವ ಬಗೆಯ ಕೊಬ್ಬು. ಮನೆಯಲ್ಲಿ ದಿನಕ್ಕೆ ಎಷ್ಟು ಕಾಯಿ ಒಡೆಯುತ್ತೀರಿ ಎಂದು ಒಂದು ವಾರ ಗಮನಿಸಿ. ಕಾಯಿ ಬಿಡಬೇಕಾಗಿಲ್ಲ, ಅದು ಹೆಚ್ಚಿದ ದಿನ ಒಗ್ಗರಣೆಯ ಕೈ ಹಿಡಿತದಲ್ಲಿರಲಿ.

ಎರಡನೆಯದು ಪ್ರಮಾಣ. ಮೈದುಡಿಮೆ ಕಡಿಮೆಯಿರುವ ವಯಸ್ಕರಿಗೆ ದಿನಕ್ಕೆ ನಾಲ್ಕೈದು ಟೀ ಚಮಚ ಎಣ್ಣೆ ಸಾಕು, ತುಪ್ಪವೂ ಅದರೊಳಗೇ. ನಾಲ್ವರ ಮನೆಗೆ ತಿಂಗಳಿಗೆ ಮೂರು ಲೀಟರ್ ಆಸುಪಾಸು. ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲೊರಿಯೇ. ದುಬಾರಿ ಬಾಟಲಿಗೂ ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ಆಯ್ಕೆ. ಕೊಬ್ಬರಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಸುಮಾರು ಶೇ 90, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು, ಶೇಂಗಾ ಎಣ್ಣೆಯಲ್ಲಿ ಶೇ 20ರೊಳಗೆ, ಸೂರ್ಯಕಾಂತಿಯಲ್ಲಿ ಇನ್ನೂ ಕಡಿಮೆ. ಈ ಕೊಬ್ಬು ಹೆಚ್ಚಾದರೆ ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ಕಾಯಿಯಿಂದಲೇ ಸಾಕಷ್ಟು ಪಡೆಯುವ ನಾವು ಪಲ್ಯ, ದೋಸೆ, ಮೀನು ಹುರಿಯುವುದಕ್ಕೆ ಶೇಂಗಾ ಎಣ್ಣೆ ಇಟ್ಟುಕೊಳ್ಳುವುದು ಮೇಲು. ಅದು ಮುಗಿದ ಮೇಲೆ ಎಳ್ಳೆಣ್ಣೆಯನ್ನೋ ಅಕ್ಕಿ ತೌಡಿನ ಎಣ್ಣೆಯನ್ನೋ ತನ್ನಿ. ಬದಲಾಯಿಸುತ್ತಿದ್ದರೆ ಬೇರೆ ಬೇರೆ ಕೊಬ್ಬಿನಾಮ್ಲಗಳು ಸಿಗುತ್ತವೆ. ಕೊಬ್ಬರಿ ಎಣ್ಣೆ ಅಪ್ಪೆಹುಳಿಯ ಒಗ್ಗರಣೆಗೆ, ಅಪರೂಪಕ್ಕೆ ಹಲಸಿನ ಹಪ್ಪಳಕ್ಕೆ ಇರಲಿ. ಅಲ್ಲಿ ಬೇರೆ ಎಣ್ಣೆ ಹಾಕಿ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ. ಘಟ್ಟದ ಮೇಲೆ ಉಪ್ಪಾಗೆ ಹಣ್ಣಿನ ಬೀಜದಿಂದ ತೆಗೆಯುವ ತುಪ್ಪವೂ ಗಟ್ಟಿ ಕೊಬ್ಬೇ, ಅದನ್ನೂ ರುಚಿಗಷ್ಟೇ ಬಳಸಿ. ಅಜ್ಜ ಕೊಬ್ಬರಿ ಎಣ್ಣೆ ತಿಂದೇ ತೊಂಬತ್ತು ವರ್ಷ ಬದುಕಿದರು ಎನ್ನುವವರು, ಅವರು ದಿನವೂ ತೋಟಕ್ಕೆ ಇಳಿದು ಹತ್ತುತ್ತಿದ್ದುದನ್ನೂ ಸೇರಿಸಿ ಹೇಳಬೇಕು.

ಅಂಗಡಿಯಲ್ಲಿ ಬಾಟಲಿಯ ಹಿಂಭಾಗ ಓದಿ. ‘ಕೊಲೆಸ್ಟ್ರಾಲ್ ರಹಿತ’ ಎಂಬ ಬರಹಕ್ಕೆ ಬೆಲೆ ಕೊಡಬೇಡಿ, ಸಸ್ಯಜನ್ಯ ಎಣ್ಣೆಗಳಲ್ಲಿ ಅದು ಹೇಗೂ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಮಿಶ್ರ ಎಣ್ಣೆಯಾದರೆ ಯಾವುದು ಶೇಕಡಾ ಎಷ್ಟು ಎಂದು ನಮೂದಾಗಿರಬೇಕು. ತೂಕವನ್ನೂ ನೋಡಿ: ಒಂದು ಲೀಟರ್ ಎಂದರೆ ಸುಮಾರು 910 ಗ್ರಾಂ. ಒಮೆಗಾ-3 ಎಂಬ ಒಳ್ಳೆಯ ಕೊಬ್ಬಿನ ಹೆಸರಿನಲ್ಲಿ ಹೆಚ್ಚು ಹಣ ಕೊಡುವ ಮೊದಲು, ವಾರಕ್ಕೆರಡು ಸಲ ತಾರ್ಲೆಯೋ ಬಂಗಡೆಯೋ ತಿನ್ನುವವರು ಯೋಚಿಸಿ; ಆ ಮೀನುಗಳಲ್ಲೇ ಅದು ಸಿಗುತ್ತದೆ.

ಗಾಣದ ಎಣ್ಣೆ ಬೇಕೆಂದರೆ ಗಮನವೆಲ್ಲ ಕೊಬ್ಬರಿಯ ಮೇಲಿರಲಿ. ಮಳೆ ಹಿಡಿಯುವ ಮೊದಲೇ ಬಿಸಿಲಲ್ಲಿ ಒಣಗಿಸಿ, ಮುರಿದರೆ ಪಟ್ಟನೆ ತುಂಡಾಗುವಂತಿರಬೇಕು. ಬೂಸಲು ಬಂದದ್ದನ್ನು ಒರೆಸಿ ಗಾಣಕ್ಕೆ ಹಾಕಬೇಡಿ. ಶೇಂಗಾಕ್ಕೂ ಇದೇ ಮಾತು. ಬೂಸಲಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ. ರಿಫೈನ್ ಮಾಡುವಾಗ ಅದು ಬಹುಮಟ್ಟಿಗೆ ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಉಳಿಯಬಹುದು. ಚಳಿಗೆ ಗಟ್ಟಿಯಾದರೆ ಶುದ್ಧ ಎಂಬ ನಂಬಿಕೆ ಅರ್ಧ ಸತ್ಯ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದು ನಿಜ, ಆದರೆ ತಾಳೆಯ ಗಟ್ಟಿ ಅಂಶ ಬೆರೆಸಿದ್ದೂ ಗಟ್ಟಿಯಾಗುತ್ತದೆ.

ಕರಿಯುವಾಗ ಎಣ್ಣೆ ಹೊಗೆಯಾಡಲು ಬಿಡಬೇಡಿ. ಗಾಣದ ಎಣ್ಣೆ ಬೇಗ ಹೊಗೆಯಾಡುತ್ತದೆ, ಹೆಚ್ಚು ಕರಿಯುವುದಿದ್ದರೆ ರಿಫೈನ್ಡ್ ಶೇಂಗಾ ಎಣ್ಣೆ ವಾಸಿ. ಕರಿದು ಉಳಿದದ್ದನ್ನು ಸೋಸಿ ಎರಡು ಮೂರು ದಿನಗಳಲ್ಲಿ ಒಗ್ಗರಣೆಗೆ ಮುಗಿಸಿ; ಕಪ್ಪಾದರೆ, ನೊರೆ ಬಂದರೆ, ಅಂಟಂಟಾದರೆ ಚೆಲ್ಲಿ. ಹೊಸ ಎಣ್ಣೆಯನ್ನು ಅದರ ಮೇಲೆ ಸುರಿದರೆ ಹೊಸದೂ ಬೇಗ ಕೆಡುತ್ತದೆ. ಮಳೆಗಾಲಕ್ಕೆಂದು ಹದಿನೈದು ಲೀಟರ್ ಡಬ್ಬ ತಂದಿಡುವ ರೂಢಿಯೂ ಬೇಡ. ಒಂದೆರಡು ಲೀಟರ್ ತಂದು, ಒಲೆಯಿಂದ ದೂರ, ಬೆಳಕು ತಾಗದ ಕಡೆ ಮುಚ್ಚಿಡಿ.