ಬ್ಯಾಸ್ಕೆಟ್‌ಬಾಲ್ ಪಂದ್ಯದ ಗಡಿಯಾರ ತಪ್ಪಿದಾಗ ರೆಫರಿ ಮಾಡಬೇಕಾದದ್ದು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲುಗಳ ಶಾಲಾ ಕಾಲೇಜು ಪಂದ್ಯಗಳಲ್ಲಿ ಗಡಿಯಾರದ ಗುಂಡಿ ಒತ್ತುವವರು ಹಲವು ಬಾರಿ ವಿದ್ಯಾರ್ಥಿಗಳೇ ಆಗಿರುವುದರಿಂದ, ಒಂದಾದರೂ ತಪ್ಪು ಆಗುತ್ತದೆ ಎಂದು ಎಣಿಸಿಕೊಂಡೇ ರೆಫರಿ ಅಂಗಳಕ್ಕೆ ಇಳಿಯುವುದು ಒಳ್ಳೆಯದು. ಥ್ರೋ-ಇನ್‌ನಲ್ಲಿ, ಅಂದರೆ ಗೆರೆಯ ಹೊರಗಿನಿಂದ ಚೆಂಡನ್ನು ಅಂಗಳದೊಳಗೆ ಎಸೆಯುವಾಗ, ಗಡಿಯಾರ ಓಡಬೇಕಾದದ್ದು ಎಸೆದವನ ಕೈಯಿಂದ ಚೆಂಡು ಬಿಟ್ಟಾಗಲ್ಲ, ಅಂಗಳದೊಳಗಿನ ಆಟಗಾರನನ್ನು ಅದು ಮುಟ್ಟಿದಾಗ ಎಂಬುದನ್ನು ಪಂದ್ಯಕ್ಕೆ ಮೊದಲೇ ಗುಂಡಿ ಒತ್ತುವ ಟೈಮರ್‌ಗೆ ತಿಳಿಸಬೇಕು. ಸೀಟಿ ಊದಿದ ಪ್ರತಿ ಸಲವೂ ಗಡಿಯಾರದತ್ತ ಕಣ್ಣು ಹಾಯಿಸಿ ಅಂಕೆಯನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನ ತಿದ್ದುಪಡಿಗೆಲ್ಲ ಆ ಅಂಕೆಯೇ ಆಧಾರ.

ನಾಲ್ಕನೆಯ ಕ್ವಾರ್ಟರ್‌ನಲ್ಲಿ 58.4 ಸೆಕೆಂಡು ಉಳಿದಿರುವಾಗ ಥ್ರೋ-ಇನ್ ಆಗಿದೆ, ಆದರೆ ಗಡಿಯಾರ ಕದಲಿಲ್ಲ ಎಂದುಕೊಳ್ಳಿ. ಆಟವನ್ನು ನಿಲ್ಲಿಸಿದ ಕೂಡಲೇ ಶಾಟ್ ಕ್ಲಾಕ್ (ತಂಡವೊಂದು ಬುಟ್ಟಿಗೆ ಎಸೆಯಲು ಇರುವ 24 ಸೆಕೆಂಡನ್ನು ಎಣಿಸುವ ಬೇರೆ ಗಡಿಯಾರ) ನೋಡಬೇಕು. ಥ್ರೋ-ಇನ್‌ನಲ್ಲಿ ಎರಡೂ ಒಂದೇ ಕ್ಷಣಕ್ಕೆ ಓಡತೊಡಗಬೇಕಾದ್ದರಿಂದ, 24ರಲ್ಲಿದ್ದ ಶಾಟ್ ಕ್ಲಾಕ್ ಈಗ 19 ತೋರಿಸುತ್ತಿದ್ದರೆ 5 ಸೆಕೆಂಡು ಕಳೆದು 53.4ಕ್ಕೆ ಇರಿಸುವುದು ನ್ಯಾಯ. ಒಂದು ಸೆಕೆಂಡಿನೊಳಗಿನ ವ್ಯತ್ಯಾಸ ಉಳಿಯಬಹುದು, ಆದರೂ ತರಬೇತುದಾರರ ಕೂಗಿಗಿಂತ ಇದು ನಂಬಲರ್ಹ. ಥ್ರೋ-ಇನ್ ಎಸೆಯಲು ಇರುವ 5 ಸೆಕೆಂಡಿನ ಮಿತಿಗಾಗಿ ರೆಫರಿ ಕೈಬೀಸಿ ಎಣಿಸಿದ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಾರದು. ಆ ಎಣಿಕೆ ಗಡಿಯಾರ ಓಡುವ ಮೊದಲಿನದು.

ಅದೇ ಎಣಿಕೆ ಇನ್ನೊಂದು ತಪ್ಪಿನಲ್ಲಿ ಕೈಹಿಡಿಯುತ್ತದೆ. ನಾಲ್ಕನೆಯ ಕ್ವಾರ್ಟರ್ ಅಥವಾ ಹೆಚ್ಚುವರಿ ಅವಧಿಯ ಕೊನೆಯ 2 ನಿಮಿಷದಲ್ಲಿ ಚೆಂಡು ಬುಟ್ಟಿಗೆ ಬಿದ್ದರೆ ಗಡಿಯಾರ ನಿಲ್ಲಬೇಕು, ಆದರೆ ಟೈಮರ್ ಸಂಭ್ರಮದಲ್ಲಿ ಅದನ್ನು ಮರೆಯುವುದುಂಟು. ಆಗ ಎದುರು ತಂಡದ ಥ್ರೋ-ಇನ್‌ಗೆ ರೆಫರಿಯ ಎಣಿಕೆ 3ಕ್ಕೆ ಬಂದಿದ್ದರೆ, ಕನಿಷ್ಠ 3 ಸೆಕೆಂಡನ್ನು ಧೈರ್ಯವಾಗಿ ಹಿಂತಿರುಗಿಸಬಹುದು.

ತಪ್ಪು ಕಂಡೊಡನೆ ಸೀಟಿ ಊದಬೇಕೆಂದಿಲ್ಲ. ಒಂದು ತಂಡ ಬುಟ್ಟಿಯತ್ತ ನುಗ್ಗುತ್ತಿದ್ದರೆ ಆ ದಾಳಿ ಮುಗಿಯಲು ಬಿಡುವುದು ಲೇಸು. ಸಮಯದ ಲೆಕ್ಕದ ತಪ್ಪನ್ನು ಮುಖ್ಯ ರೆಫರಿ ಸ್ಕೋರ್‌ಶೀಟ್‌ಗೆ ಸಹಿ ಹಾಕುವವರೆಗೂ ತಿದ್ದಲು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದಲ್ಲಿ ಅವಕಾಶವಿದೆ. ಅಂತಿಮ ಘಳಿಗೆಯಲ್ಲಿ ಮಾತ್ರ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೆಲೆಯುಳ್ಳದ್ದು: 0.3 ಸೆಕೆಂಡು ಉಳಿದಿದ್ದರೆ ಥ್ರೋ-ಇನ್‌ನ ಚೆಂಡನ್ನು ಹಿಡಿದು ಎಸೆಯಬಹುದು, 0.2 ಉಳಿದಿದ್ದರೆ ತಟ್ಟಿ ಹಾಕುವುದಕ್ಕೆ ಅಥವಾ ನೇರವಾಗಿ ಡಂಕ್ ಮಾಡುವುದಕ್ಕೆ (ಮೇಲಿನಿಂದ ಬುಟ್ಟಿಯೊಳಗೆ ಕೈಯಿಂದ ತುರುಕುವುದಕ್ಕೆ) ಮಾತ್ರ ಅವಕಾಶ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗಿ ಫಲಕವೇ ಕತ್ತಲಾಗುವುದು ಹೊಸದಲ್ಲ. ಆಗ ಮೇಜಿನ ಮೇಲಿನ ಸ್ಟಾಪ್‌ವಾಚ್‌ನಿಂದ ಆಟ ಮುಂದುವರಿಸಬಹುದು. ಆದರೆ ಉಳಿದ ಸಮಯವನ್ನು ಕಾಗದದಲ್ಲಿ ಬರೆಸಿ, ಇಬ್ಬರು ನಾಯಕರಿಗೂ ಓದಿ ಹೇಳಿದ ಬಳಿಕವೇ ಚೆಂಡನ್ನು ಆಟಕ್ಕೆ ಬಿಡಬೇಕು.