ಎಬಿಎಸ್ ಲೈಟ್ ಹತ್ತಿದರೆ ಮೊದಲು ಚಕ್ರದ ಸೆನ್ಸರ್ ನೋಡಿ

ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಯೇ ಎಬಿಎಸ್. ಎಸ್‌ಯುವಿಯಲ್ಲಿ ಹಳದಿ ಎಬಿಎಸ್ ಲೈಟ್ ಮಾತ್ರ ಹತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗಬಹುದು, ಅಷ್ಟೇ. ಮಳೆಯಲ್ಲಿ ನಿಧಾನವಾಗಿ ಓಡಿಸಿ. ಜೊತೆಗೆ ಕೆಂಪು ಬ್ರೇಕ್ ಲೈಟೂ ಇದ್ದರೆ ಗಾಡಿ ಓಡಿಸಲೇಬೇಡಿ. ಹ್ಯಾಂಡ್‌ಬ್ರೇಕ್, ಬ್ರೇಕ್ ಆಯಿಲ್ ಮಟ್ಟ ನೋಡಿ, ಟೋ ಮಾಡಿಸಿ.

ಸುಮ್ನೆ ಊಹೆ ಮಾಡಿ ಪಾರ್ಟ್ ಬದಲಿಸುವ ಮೊದಲು ಸ್ಕ್ಯಾನ್ ಮಾಡಿಸಿ, ಅಂದರೆ ಗಾಡಿಯ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದಿಸಿ. ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳಲ್ಲಿ ಜಾಸ್ತಿ ಪಾಲು ಇಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಓದುವಂಥದ್ದೇ ಬೇಕು. ಸಿ0035 ಕೋಡ್ ಬಂದರೆ ಮುಂದಿನ ಎಡ ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆ ತೊಂದರೆ ಎಂದರ್ಥ. ಸೆನ್ಸರೇ ಕೆಟ್ಟಿದೆ ಅಂತಲ್ಲ! ಅದರ ವೈರ್ ಇರಬಹುದು, ಕನೆಕ್ಟರ್ ಇರಬಹುದು.

ಚಕ್ರ ಬಿಚ್ಚಿ ನೋಡಿ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿಯೇ, ಬರೀ ಜಾಕ್ ನಂಬಬೇಡಿ. ಸ್ಟೀರಿಂಗ್ ತಿರುಗಿದಂತೆಲ್ಲ ಬಾಗುವ ಜಾಗದಲ್ಲಿ ವೈರ್ ಒಳಗೊಳಗೇ ತುಂಡಾಗಿರಬಹುದು, ಹೊರಗಿನ ರಬ್ಬರ್ ಚೆನ್ನಾಗೇ ಕಾಣುತ್ತದೆ. ಕನೆಕ್ಟರ್ ಪಿನ್‌ನಲ್ಲಿ ಹಸಿರು ಪಾಚಿಯಂಥ ತುಕ್ಕು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಸೆನ್ಸರ್ ತುದಿಗೆ ಅಂಟಿದ ಕಬ್ಬಿಣದ ಪುಡಿ, ಕೆಸರು ಬಟ್ಟೆಯಿಂದ ಒರೆಸಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಬೇರಿಂಗ್ ಬದಲಿಸಿದ ಮೇಲೆ ಲೈಟ್ ಶುರುವಾಯಿತಾ? ಈಗಿನ ಹಲವು ಬೇರಿಂಗ್‌ಗಳ ಸೀಲ್‌ನಲ್ಲೇ ಸೆನ್ಸರ್ ಓದುವ ಮ್ಯಾಗ್ನೆಟ್ ಪಟ್ಟಿ ಇರುತ್ತದೆ. ಬೇರಿಂಗನ್ನು ಉಲ್ಟಾ ಕೂರಿಸಿದ್ದರೆ ಹೊಸ ಸೆನ್ಸರ್ ಹಾಕಿದರೂ ದುಡ್ಡು ದಂಡ.

ರಿಪೇರಿ ಆದಮೇಲೆ ಕೋಡ್ ಅಳಿಸಿ, ಖಾಲಿ ರಸ್ತೆಯಲ್ಲಿ ಸ್ವಲ್ಪ ಓಡಿಸಿ. ಕೆಲವು ಗಾಡಿಗಳಲ್ಲಿ ಚಕ್ರದ ಸಿಗ್ನಲ್ ಸರಿಯಾಗಿ ಸಿಕ್ಕಮೇಲೇ ಲೈಟ್ ಆರುವುದು.